ಮಗಳ ಪಕ್ಕದ ಬೆಂಚು

ಕುವೈತಿನಲ್ಲಿದ್ದಾಗ ನಾನು ಬರೆದ ಒಂದು ಪರೀಕ್ಷೆಯ ಸಂಗತಿ ಹೇಳದಿದ್ದರೆ ನನಗೆ ತಿಂದ ಅನ್ನ ಕರಗುವುದಿಲ್ಲ.

ಮಗಳು ರೀಮಾ ಆಗ ಸಲ್ವಾದ ಅಮೆರಿಕನ್ ಶಾಲೆಯೊಂದರಲ್ಲಿ ಹತ್ತನೇ ಕ್ಲಾಸು. ಅಲ್ಲಿ ಹೈಸ್ಕೂಲಿನಲ್ಲೇ ಕಾಲೇಜಿನ ಗಣಿತ ಕಲಿತು ಪಾಸಾದರೆ, ಮುಂದೆ ಕಾಲೇಜಿನಲ್ಲಿ ಅದನ್ನು ಮತ್ತೆ ಓದಬೇಕಾಗಿಲ್ಲ. ಕ್ರೆಡಿಟ್ ಮೊದಲೇ ಕೈಯಲ್ಲಿ. ಅವಳಿಗೆ ಆಸೆಯೂ ಇತ್ತು, ಫೇಲಾದರೆ ಎಂಬ ಹೆದರಿಕೆಯೂ ಇತ್ತು. ನಾನೋ ಅಹ್ಮದಿ ಊರಿನ ತೈಲ ರಿಫೈನರಿಯ ಇಂಜಿನಿಯರು. "ಗಣಿತಕ್ಕೆ ಯಾರಾದರೂ ಹೆದರ್ತಾರೇನೇ!" ಎಂದು ತಿಂಗಳುಗಟ್ಟಲೆ ಕೊರೆದಿದ್ದೆ.

ಆ ಗಣಿತಕ್ಕೆ ಹೆಸರು ಕೊಡುವ ಕೊನೆಯ ದಿನ ಇಬ್ಬರೂ ಶಾಲೆಗೆ ಹೋದೆವು. ಈಜಿಪ್ಟಿನ ಟೀಚರಮ್ಮ ರೀಮಾಳ ಕೈಗೆ ಮಾದರಿ ಪ್ರಶ್ನೆಪತ್ರಿಕೆ ಕೊಟ್ಟು, ಮಾಡಿ ನೋಡು ಎಂದರು. ನಾನು ಸುಮ್ಮನಿರಬೇಕೋ ಬೇಡವೋ? "ನನಗೂ ಒಂದು ಕೊಡಿ ಮೇಡಂ" ಎಂದೆ. ಅವರು ನಕ್ಕು, "ಯಲ್ಲಾ, ಆಗಲಿ ಬನ್ನಿ, ಕೂತ್ಕೊಳ್ಳಿ" ಎಂದರು. ಮಗಳ ಪಕ್ಕದ ಬೆಂಚಿನಲ್ಲಿ ಹೊಟ್ಟೆ ತೂರಿಸಿ ಕೂತೆ.

ಅರ್ಧ ಗಂಟೆಯ ನಂತರ ಫಲಿತಾಂಶ ಬಂತು. ಇಪ್ಪತ್ತಕ್ಕೆ ಮಗಳಿಗೆ ಹನ್ನೊಂದು, ನನಗೆ ಆರು!

ರೀಮಾ ನನ್ನ ಪೇಪರ್ ಕಿತ್ತುಕೊಂಡು ಬಿದ್ದು ಬಿದ್ದು ನಕ್ಕಳು. "ಪಪ್ಪಾ, ಆರು ತಗೊಂಡವರು ರಿಫೈನರಿ ನಡೆಸ್ತೀರಾ? ಹಾಗಾದ್ರೆ ಐ ಆಮ್ ಟೇಕಿಂಗ್ ಇಟ್!" ಎಂದವಳೇ ಫಾರ್ಮಿನಲ್ಲಿ ಹೆಸರು ಬರೆದಳು. ನನ್ನ ಅಷ್ಟೆಲ್ಲ ಕೊರೆತಕ್ಕೆ ಅಲುಗಾಡದ ಹೆದರಿಕೆ ನನ್ನ ಆರು ಅಂಕ ಕಂಡು ಓಡಿಹೋಗಿತ್ತು. ಖುಷಿಯಲ್ಲಿ ನಾನು ಸಹಿ ಹಾಕಿದ ರಭಸಕ್ಕೆ ಫಾರ್ಮೇ ತುಸು ಹರಿಯಿತು.

ನನ್ನ ಆ ಉತ್ತರಪತ್ರಿಕೆಯನ್ನು ಇಂದಿಗೂ ಜೋಪಾನವಾಗಿ ಇಟ್ಟಿದ್ದೇನೆ. ಅದರ ಮೇಲೆ ಟೀಚರಮ್ಮ ಕೆಂಪು ಶಾಯಿಯಲ್ಲಿ, "ಮನೆಯವರ ಸಹಿ ಮಾಡಿಸಿ ತರುವುದು" ಎಂದು ಬರೆದಿದ್ದಾರೆ. ಕೆಳಗೆ ರೀಮಾ ಸಹಿ ಹಾಕಿದ್ದಾಳೆ.