ಕೈಯಲ್ಲಿ ಕೊಟ್ಟ ಅಕ್ಕಿ

ಉಡಿ ತುಂಬುವ ಉಪಾಯ ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ಬೇರೆಯವರ ತಲೆಗೆ ಕಟ್ಟಲು ಮನಸ್ಸಾದೀತು.

ಆ ಸಲದ ಮಳೆಗೆ ಕಮಲಾಪುರದ ಆಚೆಯ ಹಳ್ಳ ಉಕ್ಕಿ, ದಂಡೆಯ ಊರೊಂದರ ಮನೆಗಳಿಗೆ ನೀರು ನುಗ್ಗಿತ್ತು. ಕಲಬುರಗಿಯ ನಮ್ಮ ಓಣಿಯ ಐದಾರು ಹೆಂಗಸರು ಸೇರಿ, ಶರಣಸಿರಸಗಿಯಲ್ಲಿ ಗೆಳತಿಯೊಬ್ಬಳು ಕಟ್ಟಿಸಿದ್ದ ಹೊಸ ಮನೆಯ ಪಡಸಾಲೆಯಲ್ಲಿ ಅಕ್ಕಿ, ಬೇಳೆ, ಎಣ್ಣೆ, ಸೀರೆಗಳ ಚೀಲ ಕಟ್ಟುತ್ತಿದ್ದೆವು. ಟೆಂಪೋ ಮೇಲೆ ನಿಂತು ಚೀಲ ಎಸೆಯುವವರನ್ನು ಟಿವಿಯಲ್ಲಿ ನೋಡಿ ನನಗೆ ಮೈಯೆಲ್ಲ ಉರಿದಿತ್ತು.

"ಭಿಕ್ಷಾ ಹಾಕಿದಂಗ ಹಾಕೂದು ಬ್ಯಾಡ" ಎಂದೆ. "ಹೆಣ್ಣಮಕ್ಕಳನ್ನ ಜಮಖಾನ ಹಾಸಿ ಕೂಡಿಸಿ, ಕುಂಕುಮ ಹಚ್ಚಿ, ಉಡಿ ತುಂಬಿ ಕೊಡೋಣು. ತವರಮನಿಯಿಂದ ಬಂದಂಗ ಆಗ್ತದ."

ಎಲ್ಲರಿಗೂ ಹಿಡಿಸಿತು. ಒಬ್ಬಳಂತೂ ಕಣ್ಣು ಒರೆಸಿಕೊಂಡಳು. ನಾನು ಒಳಗೊಳಗೇ ಬೀಗಿದೆ.

ಹೊರಡುವ ದಿನ ಬೆಳಿಗ್ಗೆ ಆ ಮನೆಯ ಗೆಳತಿ ನನ್ನ ಕೈಗೆ ಹೆಸರಿನ ಪಟ್ಟಿ ಮತ್ತು ಪೆನ್ನು ಕೊಟ್ಟಳು. "ನಿನ್ನ ಅಕ್ಷರ ಚಂದ ಅವ. ನೀನು ಟೇಬಲ್ ಹತ್ರ ಕೂಡು. ಗಂಡಸರು ಬಂದರ ಚೀಲ ಕೊಡು. ಮತ್ತ..." ಎಂದು ನಿಲ್ಲಿಸಿದಳು.

ಮತ್ತ ಎಂದರೆ ಗಂಡ ಸತ್ತವರು. ಅವರಿಗೆ ಉಡಿ ತುಂಬುವ ಪದ್ಧತಿಯಿಲ್ಲ, ಅವರು ಯಾರಿಗೂ ತುಂಬುವಂತಿಲ್ಲ. ನನ್ನ ಗಂಡ ಹೋಗಿ ಆರು ವರ್ಷವಾಗಿತ್ತು. ನನ್ನ ಉಪಾಯದಲ್ಲಿ ನನಗೇ ಜಾಗವಿಲ್ಲ ಎಂಬುದು ಅಷ್ಟು ದಿನ ನನ್ನ ತಲೆಗೇ ಹೊಳೆದಿರಲಿಲ್ಲ, ನೋಡಿ. ಅಲ್ಲೇ ಜಗಳ ತೆಗೆಯಬೇಕಿತ್ತು. ಬಾಯಿ ಜೋರು ಎಂದು ಓಣಿಯಲ್ಲೆಲ್ಲ ಹೆಸರು ತೆಗೆದುಕೊಂಡವಳು ನಾನು. "ಆಗಲವ್ವ" ಎಂದಷ್ಟೇ ಹೇಳಿ ಟೆಂಪೋ ಹತ್ತಿದೆ.

ಕಮಲಾಪುರ ದಾಟಿದ ಮೇಲೆ ಕೆಂಪು ಬಾಳೆಯ ತೋಟಗಳೆಲ್ಲ ಒಂದೇ ಕಡೆಗೆ ಮಲಗಿದ್ದವು. ಊರ ಶಾಲೆಯ ಕೋಣೆಯಲ್ಲಿ ಗೋಡೆಯ ಮೇಲೆ ನೀರು ನಿಂತ ಗೆರೆ ಇನ್ನೂ ಹಸಿಯಾಗಿತ್ತು. ನನ್ನ ಟೇಬಲ್ಲನ್ನು ಮೂಲೆಗೆ ಹಾಕಿದರು. ಹಿಂದೆ ಗೋಡೆ, ಎರಡೂ ಪಕ್ಕ ಎದೆಮಟ ಚೀಲಗಳು. ಒಮ್ಮೆ ಕೂತರೆ, ಯಾರಾದರೂ ಟೇಬಲ್ ಎಳೆಯುವ ತನಕ ಏಳುವಂತಿರಲಿಲ್ಲ. ಎದುರಿಗೆ ಜಮಖಾನ. ಹೆಂಗಸರು ಒಬ್ಬೊಬ್ಬರಾಗಿ ಕೂತು ಸೆರಗು ಒಡ್ಡುತ್ತಿದ್ದರು, ಗೆಳತಿಯರು ಕುಂಕುಮ ಹಚ್ಚಿ ಬೊಗಸೆ ಅಕ್ಕಿ ಹಾಕಿ ಚೀಲ ಕೊಡುತ್ತಿದ್ದರು. ಅರ್ಧ ತಾಸಿನೊಳಗೆ ಆ ಕಡೆ ನಗುವೂ ಕೇಳಿಸಿತು. ನನ್ನ ಕಡೆ ಬಂದ ಮುದುಕಿಯರು ಚೀಲ ಎತ್ತಿಕೊಂಡು ಸುಮ್ಮನೆ ಹೋದರು.

ಆಗ ಅವಳು ಬಂದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಹಣೆತುಂಬ ಕುಂಕುಮ, ಹಿಂದೆ ಅತ್ತೆ. ಜಮಖಾನದ ಮೇಲೆ ಕೂತು ಸೆರಗು ಒಡ್ಡಿದಳು. ಪಟ್ಟಿ ಮಾಡಿಕೊಟ್ಟಿದ್ದ ಊರ ಹಿರಿಯ ಬಾಗಿಲಲ್ಲಿದ್ದ. ಅವಳ ಉಡಿ ತುಂಬಲು ಬಗ್ಗಿದ್ದ ಗೆಳತಿಯನ್ನು ಅವನು ನನ್ನ ಟೇಬಲ್ ಹತ್ತಿರ ಕರೆದು ತಗ್ಗಿದ ದನಿಯಲ್ಲಿ ಹೇಳಿದ. "ಈಕಿ ಗಂಡ ಎಮ್ಮಿ ಬಿಚ್ಚಾಕ ಹೋಗಿ ಹಳ್ಳದಾಗ ಹರದು ಹೋಗ್ಯಾನ್ರಿ. ನಾಕು ದಿನ ಆತು. ಇನ್ನಾ ಹುಡಕಾಕತ್ತಾರ."

ಗೆಳತಿ ಬೊಗಸೆಯಲ್ಲಿದ್ದ ಅಕ್ಕಿಯನ್ನು ಮೆಲ್ಲಗೆ ನನ್ನ ಪಟ್ಟಿಯ ಮೇಲೆಯೇ ಸುರಿದಳು. "ನಾಳಿ ಹೆಣ ಸಿಕ್ಕರ? ನನ್ನ ಕೈಲೆ ಆಗೂದಿಲ್ಲ. ನೀನೇ ಕೊಟ್ಟುಬಿಡು" ಎಂದಳು. ಉಳಿದವರ ಮುಖ ನೋಡಿದೆ. ಒಬ್ಬಳು ಕುಂಕುಮದ ಭರಣಿಯ ಮುಚ್ಚಳ ಹಾಕಿದಳು. ಮತ್ತೊಬ್ಬಳು ಸೀರೆ ಎಣಿಸತೊಡಗಿದಳು.

ಅವಳು ಮುತ್ತೈದೆಯೋ ಅಲ್ಲವೋ ಎಂದು ಆ ಹಳ್ಳವೇ ಇನ್ನೂ ಹೇಳಿರಲಿಲ್ಲ. ಟೇಬಲ್ಲಿಗೆ ಕರೆದರೆ ನಾವು ಹೇಳಿದಂತಾಗುತ್ತಿತ್ತು. ನಾನೇ ಹೋಗಿ ತುಂಬೋಣವೆಂದರೆ, ನನ್ನಂಥವಳ ಕೈಯಕ್ಕಿ ಸೊಸೆಯ ಉಡಿಗೆ ಬೀಳುವುದನ್ನು ಕಂಡು ಆ ಅತ್ತೆ ಎದೆ ಒಡೆದುಕೊಂಡಾಳು. ಕರೆಯದೆ ಬಿಟ್ಟರೆ ಊರ ಮಂದಿಯೆಲ್ಲ ನೋಡುತ್ತಿರುವಾಗ ಅವಳು ಹಾಗೇ ಸೆರಗೊಡ್ಡಿ ಕೂತಿರಬೇಕು. ಈ ಹಾಳು ಉಪಾಯ ಹೊಳೆದ ದಿನ ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ ಎನಿಸಿತು.

"ತುಂಬ್ರಿ ಯಕ್ಕಾ, ಹಿಂದ ಮಂದಿ ಕಾಯಾಕತ್ತಾರ" ಎಂದಳು ಅತ್ತೆ.

ಯಾರೂ ಅಲುಗಲಿಲ್ಲ.

"ಬಾರವ್ವ, ಇಲ್ಲಿ ಬಾ" ಎಂದೆ. ನನ್ನದೇ ದನಿ. ಅವಳು ಎದ್ದು ಬಂದಳು. ಪಕ್ಕದ ಚೀಲ ಎತ್ತಿ ಅವಳ ಕೈಗೆ ಕೊಟ್ಟೆ. ಪಟ್ಟಿಯ ಮೇಲಿನ ಅಕ್ಕಿ ಸರಿಸಿ ಅವಳ ಹೆಸರು ಹುಡುಕಿ ಗುರುತು ಹಾಕಿದೆ. ತಲೆ ಎತ್ತಲಿಲ್ಲ.

ಅವಳ ಕಾಲು ಅಲ್ಲೇ ಇತ್ತು. ಕಡೆಗೆ ನೋಡಿದೆ. ಅವಳು ಜಮಖಾನದ ಕಡೆ ನೋಡಿ, ಆಮೇಲೆ ನನ್ನ ಬರಿಯ ಹಣೆ ನೋಡುತ್ತಿದ್ದಳು.

"ನೀವು ಕಲಬುರಗಿಯಿಂದ ಬಂದೀರಿ" ಎಂದಳು. "ನಮ್ಮ ಮನಿಯವರು ಸಿಕ್ಕಾರಂತ ಅಲ್ಲಿ ಸುದ್ದಿ ಬಂದದೇನ್ರಿ?"

ಹಿಂದೆ ನಿಂತಿದ್ದ ಅತ್ತೆ ಗೋಡೆ ಹಿಡಿದುಕೊಂಡಳು. ನಾನು ಏಳಲು ಹೋದೆ. ಟೇಬಲ್ಲು ಹೊಟ್ಟೆಗೆ ಒತ್ತಿ ಮತ್ತೆ ಕೂತೆ.

"ಇಲ್ಲವ್ವ. ನಮಗೇನೂ ಗೊತ್ತಿಲ್ಲ. ಖರೇನ ಗೊತ್ತಿಲ್ಲ."

"ಮತ್ತ ನನಗ ಯಾಕ ಕೈಯಾಗ ಕೊಟ್ರಿ?"