ಕಿವಿಗೆ ಬಿದ್ದ ಫೋಕಸ್

ಅಕ್ಕನ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿ ಕಾಣುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ವರ್ಷಗಟ್ಟಲೆ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಎಡಗಣ್ಣನ್ನು ಮುಚ್ಚಿ ಮುಚ್ಚಿ, ಆ ಕಡೆಯ ರೆಪ್ಪೆ ಅರ್ಧಕ್ಕೆ ಇಳಿದು ಸುತ್ತ ಸುಕ್ಕು ಬಿದ್ದಿತ್ತು. ಹೊಸಬರಿಗೆ ಅವರು ಕಣ್ಣು ಹೊಡೆದಂತೆ ಕಾಣುತ್ತಿತ್ತು. ಒಂದು ಮದುವೆಯಲ್ಲಿ ವರನ ಸೋದರಮಾವ ಹಾಗೇ ತಿಳಿದು ನಾಚಿಕೊಂಡದ್ದನ್ನು ಹೇಳಿಕೊಂಡು ಅಕ್ಕ ಬಹಳ ದಿನ ನಕ್ಕಿದ್ದರು.

ದುರ್ಗಿಗುಡಿಯಲ್ಲಿ ಅವರದೊಂದು ಸ್ಟುಡಿಯೋ. ಡಿಗ್ರಿ ಮುಗಿಸಿ ನಾನು ಕೆಲಸಕ್ಕೆ ಸೇರಿದ ದಿನ "ಮೇಡಂ" ಎಂದೆ. "ಮೇಡಂ ಅಂತ ಬ್ಯಾಂಕಿನಲ್ಲಿ ಕರಿ. ಇಲ್ಲಿ ಅಕ್ಕ ಅನ್ನು" ಎಂದರು. ಅವರು ನನಗೆ ಹೇಳಿದ ಮೊದಲ ಪಾಠವೂ ಆವತ್ತಿನದೇ: "ಫೋಟೋ ಅಂದ್ರೆ ಕಣ್ಣು ಮಾರಾಯ್ತಿ. ಸೀರೆ, ಒಡವೆ ಎಲ್ಲ ಅಂಗಡೀಲಿ ಸಿಗುತ್ತೆ."

ಒಂದು ಮಳೆಗಾಲ ಅವರ ನೆಚ್ಚಿನ ಲೆನ್ಸಿನ ಒಳಗೇ ಬೂಷ್ಟು ಹಿಡಿಯಿತು. ಕ್ಯಾಮೆರಾ ಕಂಪನಿಯ ಹೊಸ ಲೆನ್ಸ್ ಕೈಗೆಟುಕುವಂತಿರಲಿಲ್ಲ. ಅದೇ ಕ್ಯಾಮೆರಾಕ್ಕೆ ಕೂರುವ, ಬೇರೆ ಕಂಪನಿಯ ಲೆನ್ಸ್ ತರಿಸಿದರು. ನೋಡಲು ಮುದ್ದಾಗಿತ್ತು. ಗುಂಡಿಯನ್ನು ಅರ್ಧ ಒತ್ತಿದರೆ ಸದ್ದಿಲ್ಲದೆ ತಿರುಗಿ, ಫೋಕಸ್ ಸಿಕ್ಕಿತು ಎಂದು ಕ್ಯಾಮೆರಾ ಪೀಪ್ ಎನ್ನುತ್ತಿತ್ತು. ಸಿಕ್ಕಿರುತ್ತಿರಲಿಲ್ಲ.

ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ ಪರೀಕ್ಷೆ ಮಾಡುತ್ತಿದ್ದರು. ಗುರಿ ನನ್ನ ಕಣ್ಣಿನ ರೆಪ್ಪೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ರೆಪ್ಪೆ ಮಂಜು, ಕಿವಿಯೋಲೆ ಮಾತ್ರ ಕೊರೆದಿಟ್ಟಂತೆ ಸ್ಪಷ್ಟ.

"ನಿನ್ನ ಕಿವಿ ಚೆನ್ನಾಗಿದೆ ಕಣೇ. ಆದ್ರೆ ಯಾರಿಗೆ ಬೇಕು?"

ಕ್ಯಾಮೆರಾದ ಒಳಗೆ ಫೋಕಸ್ಸನ್ನು ಹಿಂದೆ ಮುಂದೆ ತಿದ್ದುವ ಸೌಲಭ್ಯವಿತ್ತು. ಹತ್ತಿರಕ್ಕೆ ಸರಿ ಮಾಡಿದರೆ ದೂರಕ್ಕೆ ತಪ್ಪುತ್ತಿತ್ತು. ದೂರಕ್ಕೆ ಸರಿಮಾಡಿದರೆ ಕಿವಿಯಿಂದ ಮೂಗಿಗೆ ಬರುತ್ತಿತ್ತು. ಕೆಲವು ದಿನ ಎಲ್ಲವೂ ಸರಿ ಇರುತ್ತಿತ್ತು, ಅದೇ ದೊಡ್ಡ ಕಾಟ. ಪೂರ್ತಿ ಕೆಟ್ಟಿದ್ದರೆ ಎಸೆದುಬಿಡಬಹುದಿತ್ತು.

ಲೆನ್ಸ್ ಕಂಪನಿಗೆ ಫೋನ್ ಮಾಡಿದರೆ, "ಕ್ಯಾಮೆರಾದ ತೊಂದರೆ ಇರಬಹುದು ಮೇಡಂ" ಎಂದರು. ಕ್ಯಾಮೆರಾದವರು, "ಆ ಲೆನ್ಸ್ ನಮ್ಮದಲ್ಲವಲ್ಲ" ಎಂದರು. ರಿಪೇರಿಗೆಂದು ಕಳಿಸಿದ ಲೆನ್ಸ್, "ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ" ಎಂಬ ಚೀಟಿಯೊಂದಿಗೆ ವಾಪಸು ಬಂತು. ಮತ್ತೆ ಕಳಿಸಿದೆವು, ಮತ್ತೆ ಅದೇ ಚೀಟಿ. ಅಕ್ಕ ಫೋನ್ ಇಟ್ಟು, "ಗಂಡನ ಮನೆಯೋರು ತವರಿನ ಮೇಲೆ ಹಾಕ್ತಾರೆ, ತವರಿನೋರು ಗಂಡನ ಮನೆ ಮೇಲೆ ಹಾಕ್ತಾರೆ. ಮಧ್ಯದಲ್ಲಿ ಉರಿಯೋದು ನನ್ನ ಹೊಟ್ಟೆ" ಎನ್ನುತ್ತಿದ್ದರು.

ಎರಡನೇ ಸಲ ಬಂದ ಮೇಲೆ ಕೆಲವು ವಾರ ಅದು ಒಳ್ಳೆಯ ಮಗುವಿನಂತೆ ನಡೆದುಕೊಂಡಿತು. ನಂಬಿದೆವು. ಅಷ್ಟರಲ್ಲಿ ಭದ್ರಾವತಿಯ ಮದುವೆ ಬಂತು.

ಮದುಮಗಳನ್ನು ಸಾಕಿದವರು ಅವಳ ಅಜ್ಜಿ. ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದವರನ್ನು ಧಾರೆಯ ಹೊತ್ತಿಗೆಂದು ಕರೆತಂದಿದ್ದರು. ಕುರ್ಚಿಯಲ್ಲಿ ಕೂತೇ ಮೊಮ್ಮಗಳ ತಲೆಗೆ ಅಕ್ಷತೆ ಹಾಕಿ, ಅವಳ ಕೆನ್ನೆ ಹಿಡಿದು ಏನೋ ಹೇಳಿದರು. ವಿಡಿಯೋದವನ ಕಡೆಗೆ ಅಜ್ಜಿಯ ಬೆನ್ನಿತ್ತು. ನಾನು ಊಟದ ಪಂಕ್ತಿಯ ಕಡೆಗಿದ್ದೆ. ಎದುರಿಗಿದ್ದದ್ದು ಅಕ್ಕ ಒಬ್ಬರೇ. ಆ ಲೆನ್ಸಿನಲ್ಲೇ ಒಂದರ ಹಿಂದೊಂದು ತೆಗೆದರು. ಪ್ರತಿ ಸಲವೂ ಪೀಪ್ ಎಂದಿತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು. ದೊಡ್ಡದು ಮಾಡಿ ನೋಡಲು ಮದುವೆಮನೆಯಲ್ಲಿ ಯಾರಿಗೆ ಬಿಡುವು? ಅಜ್ಜಿಯನ್ನು ಕೂಡಲೇ ಕರೆದುಕೊಂಡು ಹೋದರು.

ಮರುದಿನ ಸ್ಟುಡಿಯೋದಲ್ಲಿ ಅಕ್ಕ ಅಷ್ಟೂ ಚಿತ್ರಗಳನ್ನು ತೆರೆದರು. ಅಜ್ಜಿಯ ಹಿಂದಿನ ಮಲ್ಲಿಗೆ ಮಾಲೆಯ ಒಂದೊಂದು ಮೊಗ್ಗನ್ನೂ ಎಣಿಸಬಹುದಿತ್ತು. ಅಜ್ಜಿಯ ಮುಖ ನೀರಿನಡಿ ಇದ್ದಂತಿತ್ತು. ಅಕ್ಕ ಕುರ್ಚಿಯಿಂದ ಏಳಲೇ ಇಲ್ಲ.

ಆಲ್ಬಂ ಇನ್ನೂ ಆಗಿರಲಿಲ್ಲ, ಅಜ್ಜಿ ತೀರಿಕೊಂಡರು. ಮದುಮಗಳ ಅಣ್ಣ ಫೋನ್ ಮಾಡಿ ಅದೇ ಚಿತ್ರ ದೊಡ್ಡದಾಗಿ ಬೇಕೆಂದ. ಮಸುಕಾದ ಚಿತ್ರವನ್ನು ತಿದ್ದುವ ಹೊಸ ಸಾಫ್ಟ್‌ವೇರಿನಲ್ಲಿ ನಾನು ಹಾಕಿ ನೋಡಿದೆ. ಕ್ಷಣದಲ್ಲಿ ಮುಖ ತಿಳಿಯಾಯಿತು, ಹೊಳೆಯುವ ಕಣ್ಣು, ಎಳೆಎಳೆಯಾದ ರೆಪ್ಪೆ. ಸಂತೋಷದಿಂದ ಅಕ್ಕನನ್ನು ಕರೆದೆ. ಅವರು ಬಹಳ ಹೊತ್ತು ನೋಡಿದರು.

"ಯಾರೇ ಇವಳು?"

"ಅಜ್ಜಿ ಅಲ್ವಾ ಅಕ್ಕ?"

"ಅಲ್ಲ. ಕಂಪ್ಯೂಟರು ಯಾವಳ್ದೋ ಕಣ್ಣು ತಂದು ಕೂರಿಸಿದೆ. ಅಳಿಸು."

"ಅವರಿಗೇನು ಗೊತ್ತಾಗುತ್ತೆ?"

"ಇವತ್ತು ಗೊತ್ತಾಗಲ್ಲ. ನಾಳೆ ಅಜ್ಜಿ ಹೀಗೇ ಇದ್ರು ಅಂದ್ಕೊಂಡ್‌ಬಿಡ್ತಾರೆ. ಹೋಗಿ ಹೇಳ್ತೀನಿ. ನೀನೂ ಬಾ."

ಬಸ್ಸಿನಲ್ಲಿ ಭದ್ರಾವತಿಗೆ, ಮದುಮಗಳ ತವರಿಗೆ ಹೋದೆವು. ಅಕ್ಕ ಲೆನ್ಸಿನ ಕಥೆ ಹೇಳಲಿಲ್ಲ, ಕಂಪನಿಯ ಹೆಸರೆತ್ತಲಿಲ್ಲ. ಮಂಜು ಮಂಜಾದ ಚಿತ್ರವನ್ನು ಮೇಜಿನ ಮೇಲಿಟ್ಟು, "ಅಜ್ಜಿ ಮುಖ ಸರಿಯಾಗಿ ಬಂದಿಲ್ಲಮ್ಮ. ತಪ್ಪು ನಂದು" ಎಂದರು.

ಮದುಮಗಳು ಚಿತ್ರ ನೋಡಿದಳು, ಅಕ್ಕನನ್ನು ನೋಡಿದಳು. "ತಪ್ಪಾಯ್ತು ಅಂದ್ರೆ ಅಜ್ಜಿ ಮತ್ತೆ ಬಂದು ಕೂತ್ಕೋತಾರಾ? ಅವತ್ತೇ ನೋಡಿದ್ರೆ ಇನ್ನೊಂದು ತೆಗೀಬಹುದಿತ್ತಲ್ಲ!" ಎಂದು ಅತ್ತಳು. ಅವಳ ಅಣ್ಣ ಇನ್ನೂ ಗಡುಸಾಗಿ ಮಾತಾಡಿದ. ಲೆನ್ಸಿನದು, ಕಂಪನಿಯದು, ಎಲ್ಲ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಒತ್ತಿ ಹಿಡಿದರು. ಅಣ್ಣ ತಂಗಿಯ ಮಾತು ಮುಗಿಯುವವರೆಗೆ ನಿಂತು ಕೇಳಿಸಿಕೊಂಡು, ಕೈಮುಗಿದು ಹೊರಬಂದರು.

"ಯಾಕಕ್ಕ ಸುಮ್ಮನಿದ್ರಿ? ನಿಮ್ಮ ತಪ್ಪೇನಿತ್ತು?" ಎಂದೆ.

"ಲೆನ್ಸ್ ಅವರ ಮನೆಗೆ ಬಂದಿತ್ತೇನೇ? ಬಂದಿದ್ದು ನಾನು."

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆ ಮನೆಯವರು ಬೇರೆಲ್ಲೋ ಕೊಟ್ಟು ಚಿತ್ರವನ್ನು ಸ್ಪಷ್ಟ ಮಾಡಿಸಿಕೊಂಡರು. ಮುಂದೊಮ್ಮೆ ಉಳಿದ ಚಿತ್ರಗಳ ಆಲ್ಬಂ ಕೊಡಲು ಹೋದಾಗ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು, ಯಾರದೋ ಹೊಳೆಯುವ ಕಣ್ಣುಗಳಿಂದ ಆ ಅಜ್ಜಿ ನೋಡುತ್ತಿದ್ದರು. ಅಕ್ಕ ಒಮ್ಮೆ ತಲೆ ಎತ್ತಿ ನೋಡಿ, ಕೊಟ್ಟ ಕಾಫಿ ಕುಡಿದು ಬಂದರು.

ಲೆನ್ಸನ್ನು ಕೊಳ್ಳಲು ಹೊಳೆಹೊನ್ನೂರಿನ ಒಬ್ಬ ಫೋಟೋಗ್ರಾಫರ್ ಬಂದಿದ್ದರು. ಅಕ್ಕ ಕೊಡಲಿಲ್ಲ. "ಇದನ್ನ ಮಾರಿದ್ರೆ ಇನ್ಯಾರ್ದೋ ಅಜ್ಜಿ ಹಾಳಾಗ್ತಾಳೆ" ಎಂದು ಕಪಾಟಿನ ಮೂಲೆಗೆ ತಳ್ಳಿದರು. ಕಂಪನಿಗಳ ಜೊತೆಗಿನ ಜಗಳ ಮಾತ್ರ ಕೊನೆಯವರೆಗೂ ನಡೆಯಿತು. ಯಾರೂ ತಪ್ಪು ಒಪ್ಪಲಿಲ್ಲ.

ಹೋದ ವರ್ಷ ಅಕ್ಕ ತೀರಿಕೊಂಡರು. ಜ್ವರವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಸ್ಟುಡಿಯೋ ಈಗ ನಾನು ನಡೆಸುತ್ತಿದ್ದೇನೆ.

ಮೊನ್ನೆ ಒಂದು ಮದುವೆಯಲ್ಲಿ ತುಂಬ ವಯಸ್ಸಾದ ತಾತನೊಬ್ಬರು ಹುಡುಗಿಗೆ ಆಶೀರ್ವಾದ ಮಾಡಿ ಏಳಲು ಹೊರಟರು. "ಒಂದು ನಿಮಿಷ ಕೂತ್ಕೊಳಿ ತಾತ" ಎಂದು ತಡೆದು, ಆಗಷ್ಟೇ ತೆಗೆದ ಚಿತ್ರವನ್ನು ದೊಡ್ಡದು ಮಾಡಿ ಕಣ್ಣು ನೋಡಿದೆ. ಸರಿ ಬಂದಿರಲಿಲ್ಲ. ಕೈಯಿಂದಲೇ ಫೋಕಸ್ ತಿರುಗಿಸಿ ಮತ್ತೆ ತೆಗೆದೆ, ಮತ್ತೆ ನೋಡಿದೆ. ಹಿಂದೆ ಸಾಲು ನಿಂತಿತ್ತು. "ಏನಮ್ಮ, ಬೆಳಗಾಗ್‌ಬೇಕಾ ನಿನ್ನ ಫೋಟೋ ಆಗೋಕೆ?" ಎಂದು ಯಾರೋ ರೇಗಿದರು. ಪುರೋಹಿತರೂ ಗೊಣಗಿದರು. ನಾನು ಜಾಗ ಬಿಟ್ಟು ಕದಲಲಿಲ್ಲ. ನಿಂತು ಬೈಸಿಕೊಳ್ಳುವುದನ್ನೂ ನನಗೆ ಅಕ್ಕನೇ ಕಲಿಸಿದ್ದು.