ಮುಚ್ಚಳ ಮುಚ್ಚಿದೆ ಎಂದ ಲ್ಯಾಪ್‌ಟಾಪ್

ಅಕ್ಕನ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಮಲಗಲು ಶುರುಮಾಡಿದ್ದು ಯಾವಾಗ ಎಂಬುದು ನನಗೆ ಖಚಿತವಾಗಿ ಗೊತ್ತಿಲ್ಲ. ನಾನು ಅದರಲ್ಲಿದ್ದ ಹಳೆಯ ಕಾರ್ಯವ್ಯವಸ್ಥೆ ತೆಗೆದು ಲಿನಕ್ಸ್ ಹಾಕಿಕೊಟ್ಟ ಸಂಜೆಯೇ ಎಂದು ನನ್ನ ನೆನಪು. ಹೊಸಬಾಳೆಯ ಅವಳ ಮನೆಯಲ್ಲಿ ಕೂತಿದ್ದೆ, ಪರದೆ ಕಪ್ಪಾಯಿತು, ಭಾವ ನಕ್ಕರು. ಚಿತ್ರ ಇಷ್ಟು ಸ್ಪಷ್ಟವಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ಆ ನಗು ಬೇರೆ ಯಾವ ದಿನದ್ದೂ ಆಗಿರಬಹುದು. ನನ್ನನ್ನು ನೋಡಿ ಭಾವ ನಗದ ದಿನಗಳು ಕಡಿಮೆ.

ಅದು ಹಳೆಯ ಯಂತ್ರ. ಮೊದಲಿದ್ದ ವ್ಯವಸ್ಥೆಯಲ್ಲಿ ಎದ್ದು ನಿಲ್ಲುವಷ್ಟರಲ್ಲಿ ಅಕ್ಕ ಕುರಿಗಳನ್ನು ರೊಪ್ಪದಿಂದ ಬಿಟ್ಟು, ಕಸ ಬಳಿದು, ಕೈತೊಳೆದು ಬರುತ್ತಿದ್ದಳು. ಲಿನಕ್ಸ್ ಹಾಕಿದ ಮೇಲೆ ಚುರುಕಾಯಿತು. ಆ ಧೈರ್ಯದ ಮೇಲೆಯೇ ಅವಳು ವಿಡಿಯೊದಲ್ಲಿ ರವಿಕೆ ಕತ್ತರಿಸುವುದನ್ನು ಹೇಳಿಕೊಡಲು ತೊಡಗಿದಳು. ತಾಳಗುಂದ, ತೊಗರ್ಸಿ ಕಡೆಯ ಕೆಲವು ಹೆಂಗಸರು ಸೇರಿಕೊಂಡರು. ಪಾಠದ ನಡುವೆ ಪರದೆ ಕಪ್ಪಾಗತೊಡಗಿತು. ಗುಂಡಿ ಒತ್ತಿದರೆ ಏಳುತ್ತಿತ್ತು, ಒಂದು ಮಾತಾಡುವಷ್ಟರಲ್ಲಿ ಮತ್ತೆ ಮಲಗುತ್ತಿತ್ತು.

"ಗುರುವಾರ ಕಂಕುಳ ಸುತ್ತಿನ ಪಾಠ ಕಣೋ," ಎಂದಳು ಅಕ್ಕ. "ಅವರು ಕತ್ತರಿ ಹಾಕಿ ಅರ್ಧಕ್ಕೆ ಬಂದಾಗ ನಾನು ಮಾಯ ಆದ್ರೆ? ಹೊಲಿಗೆ ತಪ್ಪಿದ್ರೆ ಬಿಚ್ಚಬಹುದು. ಕತ್ತರಿಸಿದ್ದನ್ನ ಏನು ಮಾಡ್ತಾರೆ? ತೊಗರ್ಸಿಯವಳು ಮದುವೆ ಸೀರೆದೇ ಬಟ್ಟೆ ತೆಗೆದಿಟ್ಟಿದಾಳೆ."

"ಹಳೇದನ್ನೇ ವಾಪಸ್ ಹಾಕಿಬಿಡ್ರೀ," ಎಂದರು ಭಾವ. "ನಿಧಾನ ಆದ್ರೂ ಎಚ್ಚರ ಇರ್ತಿತ್ತು."

ಯಂತ್ರದ ಒಳಗೆ ನಡೆದದ್ದೆಲ್ಲ ಸಂದೇಶಗಳಾಗಿ ದಾಖಲಾಗುತ್ತದೆ. ಅದನ್ನು ತೆರೆದು ನೋಡಿದೆ. ಪ್ರತಿ ಸಲ ಮಲಗುವ ಮುಂಚೆ ಒಂದೇ ಮಾತು: ಮುಚ್ಚಳ ಮುಚ್ಚಿದೆ. ಅಕ್ಕ ಪರದೆಯ ಎದುರೇ ಕೂತು ಮಾತಾಡುತ್ತಿರುವಾಗ ಮುಚ್ಚಳ ಮುಚ್ಚುವುದು ಹೇಗೆ? ನನಗೆ ರೋಮಾಂಚನವಾಯಿತು. ಲಿನಕ್ಸ್‌ನ ತಿರುಳಾಗಿ ಯಂತ್ರವನ್ನು ನಡೆಸುವ ಕರ್ನಲ್‌ಗೆ ತನ್ನದೇ ಕಣ್ಣಿಲ್ಲ. ತಯಾರಕರು ಬೋರ್ಡಿನಲ್ಲೇ ಕೂರಿಸಿ ಕಳಿಸಿದ ಫರ್ಮ್‌ವೇರ್ ಎಂಬ ಸಣ್ಣ ಪ್ರೋಗ್ರಾಂ ಏನು ಹೇಳುತ್ತದೋ ಅದನ್ನು ನಂಬುತ್ತದೆ. ಹಳೆಯ ಫರ್ಮ್‌ವೇರ್ ಸುಳ್ಳು ಹೇಳುತ್ತಿದೆ, ಕರ್ನಲ್ ನಂಬುತ್ತಿದೆ ಎಂದು ತೀರ್ಮಾನಿಸಿದೆ. ಇಂಥ ದೂರುಗಳು ಇಂಟರ್‌ನೆಟ್ಟಿನಲ್ಲಿ ಬೇಕಾದಷ್ಟಿದ್ದವು. ಎಲ್ಲವನ್ನೂ ಅನುಮಾನಿಸುವ ನಾನು ಅವನ್ನು ಮಾತ್ರ ಅನುಮಾನಿಸಲಿಲ್ಲ.

ಫರ್ಮ್‌ವೇರ್ ಬದಲಿಸುವಾಗ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಮತ್ತೆ ಏಳುವುದಿಲ್ಲ. ಅದರ ಬ್ಯಾಟರಿ ಸತ್ತುಹೋಗಿತ್ತು. ಹೊಸಬಾಳೆಯ ಕರೆಂಟಿನ ಮೇಲೆ ಭರವಸೆ ಇಡುವಂತಿರಲಿಲ್ಲ. ಚೀಲದಲ್ಲಿ ಹಾಕಿಕೊಂಡು ಶಿಕಾರಿಪುರದ ನನ್ನ ಮನೆಗೆ ತಂದೆ. ಯುಪಿಎಸ್‌ಗೆ ಸಿಕ್ಕಿಸಿ ಹೊಸ ಫರ್ಮ್‌ವೇರ್ ಹಾಕಿದೆ, ಕರ್ನಲ್ಲನ್ನೂ ಹೊಸದು ಮಾಡಿದೆ. ಮಂಗಳವಾರ ಇಡೀ ದಿನ ವಿಡಿಯೊ ಓಡಿಸಿದೆ. ಒಂದು ಸಲವೂ ತೂಕಡಿಸಲಿಲ್ಲ. ಅಕ್ಕನಿಗೆ ಫೋನ್ ಮಾಡಿ, "ರೋಗ ಸಿಕ್ತು, ಔಷಧಿನೂ ಆಯ್ತು," ಎಂದೆ.

ಬುಧವಾರ ಅದನ್ನು ಹೊಸಬಾಳೆಗೆ ತಂದುಕೊಟ್ಟೆ. ಅಕ್ಕ ಬಟ್ಟೆ ಹರವಿ ಪರೀಕ್ಷೆಗೆಂದು ನನ್ನ ಫೋನಿಗೇ ಕರೆ ಮಾಡಿದಳು. ಮಾತು ಶುರುವಾಗಿ ಸ್ವಲ್ಪದರಲ್ಲೇ ನನ್ನ ಫೋನಿನಲ್ಲಿ ಅವಳ ಮುಖ ನಿಂತುಹೋಯಿತು. ದಾಖಲೆಯಲ್ಲಿ ಮತ್ತೆ ಅದೇ ಮಾತು: ಮುಚ್ಚಳ ಮುಚ್ಚಿದೆ.

"ಶಿಕಾರಿಪುರದಲ್ಲಿ ಇಲ್ಲದ್ದು ಇಲ್ಲೇನಿದೆ?" ಎಂದು ನಾನು ಕೇಳಿದ್ದು ನನ್ನನ್ನೇ.

"ಕುರಿ ಇದಾವಲ್ಲ," ಎಂದರು ಭಾವ. "ಒಂದು ಕಟ್ಟಿ ಕೊಡ್ತೀನಿ, ತಗೊಂಡ್ಹೋಗಿ ಪರೀಕ್ಷೆ ಮಾಡ್ರಿ."

"ಸುಮ್ನಿರ್ರೀ," ಎಂದಳು ಅಕ್ಕ.

ನಗೆಮಾತಾದರೂ ಪ್ರಶ್ನೆ ಸರಿಯಾಗಿತ್ತು. ಯಂತ್ರ ಅದೇ, ಜಾಗ ಬೇರೆ. ಲಿನಕ್ಸ್ ಹಾಕಿದ ಸಂಜೆಯೇ ಹೀಗಾಗಿತ್ತಲ್ಲ ಎಂದೆ. "ಇಲ್ಲಪ್ಪ, ಅವತ್ತು ಏನೂ ಆಗಿರಲಿಲ್ಲ. ಪಾಠ ಶುರು ಮಾಡಿದ ಮೇಲೇ ಇದು," ಎಂದಳು. ಭಾವನೂ ತಲೆಯಾಡಿಸಿದರು. ಹಾಗಿದ್ದರೆ ನನ್ನ ಚಿತ್ರ ಎಲ್ಲಿಂದ ಬಂತು? ಅದು ಹಾಳಾಗಲಿ. ಅವಳು ಹೇಳಿದ್ದು ನಿಜವಾದರೆ ಕಾರಣ ಪಾಠದಲ್ಲೇ ಇರಬೇಕು.

"ಎದುರಿಗೆ ಯಾರೂ ಇಲ್ಲ ಅಂದ್ಕೋಬೇಡ. ಪಾಠ ಹೇಗೆ ಮಾಡ್ತಿಯೋ ಹಾಗೇ ಮಾಡು," ಎಂದು ಹೇಳಿ, ಮುಚ್ಚಳವನ್ನು ಒಮ್ಮೆ ಮುಚ್ಚಿ ತೆರೆದು ಯಂತ್ರವನ್ನು ಎಬ್ಬಿಸಿ ಪಕ್ಕದಲ್ಲಿ ಕೂತೆ.

ಅವಳು ಬಟ್ಟೆ ಮಡಚಿದಳು, ಗುಂಡುಸೂಜಿ ಚುಚ್ಚಿದಳು. ಕೆಲವು ನೆಲಕ್ಕೆ ಬಿದ್ದವು. ಹಳೆಯ ಸ್ಪೀಕರಿನಿಂದ ಬಿಚ್ಚಿದ ದಪ್ಪ ಬಳೆಯಂಥ ಆಯಸ್ಕಾಂತವನ್ನು ಎತ್ತಿಕೊಂಡು ಬಗ್ಗಿ ನೆಲದ ಮೇಲೆ ಆಡಿಸಿದಳು. ಸೂಜಿಗಳೆಲ್ಲ ಅಂಟಿಕೊಂಡವು. ಹೊಲಿಯುವವರ ಮನೆಯಲ್ಲಿ ಇದು ಸಾಮಾನ್ಯ, ಬರಿಗಾಲಲ್ಲಿ ಓಡಾಡುವ ಮನೆಯಲ್ಲಿ ಸೂಜಿ ಬಿಟ್ಟರೆ ಕಷ್ಟ. ಆಮೇಲೆ ಅದನ್ನು ಕೀಲಿಮಣೆಯ ಈಚೆಗೆ, ಎಡಗೈ ಊರುವ ಜಾಗದಲ್ಲಿ ಇಟ್ಟಳು. ಪರದೆ ಕಪ್ಪಾಯಿತು.

"ಅದನ್ನ ಅಲ್ಲಿ ಯಾಕೆ ಇಡ್ತಿ?"

"ಮೇಜಿನ ಮೇಲಿಟ್ರೆ ಕತ್ತರಿ ಹೋಗಿ ಅಂಟ್ಕೊಳುತ್ತೆ. ಇದು ಪ್ಲಾಸ್ಟಿಕ್ಕಲ್ವಾ, ನಿಶ್ಚಿಂತೆ."

ಮುಚ್ಚಳದ ಅಂಚಿನಲ್ಲಿ ಸಣ್ಣ ಆಯಸ್ಕಾಂತವಿರುತ್ತದೆ, ಕೆಳಗಿನ ಭಾಗದಲ್ಲಿ ಅದನ್ನು ಗುರುತಿಸುವ ಸಂವೇದಕ. ಎರಡೂ ಹತ್ತಿರ ಬಂದರೆ ಮುಚ್ಚಳ ಮುಚ್ಚಿತು ಎಂದರ್ಥ. ಅಕ್ಕ ಪ್ರತಿ ಸಲ ಸೂಜಿ ಹೆಕ್ಕಿದ ಮೇಲೆ ಯಂತ್ರದ ಮಟ್ಟಿಗೆ ಮುಚ್ಚಳ ಮುಚ್ಚುತ್ತಿದ್ದಳು. ವಿವರಿಸಿದೆ. ಭಾವ ಆಯಸ್ಕಾಂತವನ್ನು ತಿರುಗಿಸಿ ನೋಡಿ, "ಹಂಗಾದ್ರೆ ಕುರಿಗಳದ್ದು ತಪ್ಪಿಲ್ಲ," ಎಂದರು.

ಅಷ್ಟಕ್ಕೇ ಬಿಡಲಿಲ್ಲ. ಮುಚ್ಚಳ ಮುಚ್ಚಿದರೂ ಮಲಗಬಾರದು ಎಂದು ಲಿನಕ್ಸ್‌ನಲ್ಲಿ ಒಂದು ಸಾಲು ಬದಲಿಸಿದೆ. ಅಕ್ಕ ಆಯಸ್ಕಾಂತಕ್ಕೆ ದಾರ ಕಟ್ಟಿ ಕಿಟಕಿಯ ಮರದ ಚೌಕಟ್ಟಿಗೆ ನೇತುಹಾಕಿದಳು. ಗುರುವಾರ ನಾನು ಬಾಗಿಲ ಬಳಿ ನಿಂತಿದ್ದೆ. "ನಿಲ್ಲಿಸ್ಬೇಡಿ, ಕತ್ತರಿ ತಿರುಗಿಸ್ತಾ ಬನ್ನಿ, ಇನ್ನೂ, ಇನ್ನೂ... ಹಾಂ, ಸಾಕು," ಎನ್ನುತ್ತಿದ್ದಳು ಅಕ್ಕ. ಕೊನೆಗೆ ತೊಗರ್ಸಿಯವಳು ಮದುವೆ ಸೀರೆಯ ತುಂಡನ್ನು ಪರದೆಯ ತುಂಬ ಎತ್ತಿ ಹಿಡಿದಳು. ಸುತ್ತು ಎಲ್ಲೂ ಮುರಿದಿರಲಿಲ್ಲ. ಅಕ್ಕ ಕುರ್ಚಿಗೆ ಒರಗಿ, "ಟೀ ಇಡ್ರೀ," ಎಂದು ಭಾವನಿಗೆ ಹೇಳಿದಳು.

ನನಗೆ ಒಂದು ಮಾತ್ರ ಬಗೆಹರಿಯಲಿಲ್ಲ. ಆಯಸ್ಕಾಂತ ಎತ್ತಿದ ಮೇಲೂ ಯಂತ್ರ ಯಾಕೆ ಮತ್ತೆ ಮತ್ತೆ ಮಲಗುತ್ತಿತ್ತು? ಹಾಗೆ ಮಲಗುತ್ತಿತ್ತು ಎಂಬುದೂ ನನ್ನ ನೆನಪಿನ ಕಟ್ಟುಕತೆಯೇ? ಕೆಲವು ವಾರಗಳ ನಂತರ ಹೋದಾಗ ಅದೇ ಆಯಸ್ಕಾಂತವನ್ನು ಅದೇ ಜಾಗದಲ್ಲಿಟ್ಟು, ತೆಗೆದು, ಕರ್ನಲ್ ಏನು ಹೇಳುತ್ತದೆ ಎಂದು ನೋಡಿದೆ. ಆಯಸ್ಕಾಂತ ಕಿಟಕಿಗೆ ಮರಳಿದ ಮೇಲೂ ಅದು ಮುಚ್ಚಳ ಮುಚ್ಚಿದೆ ಎಂದೇ ಹೇಳುತ್ತಿತ್ತು. ನಾನು ತಂದಿದ್ದ ಬೇರೆ ಲ್ಯಾಪ್‌ಟಾಪ್‌ನಲ್ಲಿ ಎತ್ತಿದ ಕೂಡಲೇ ತೆರೆದಿದೆ ಎಂದು ಬಂತು. ಅಕ್ಕನದರಲ್ಲಿ ಮುಚ್ಚಳವನ್ನು ಕೈಯಾರೆ ಮುಚ್ಚಿ ತೆರೆಯುವ ತನಕ ಫರ್ಮ್‌ವೇರ್ ತನ್ನ ಮಾತು ಬದಲಿಸುವುದಿಲ್ಲ. ಮತ್ತೆ ಮತ್ತೆ ಮಾಡಿ ನೋಡಿದೆ, ಅದು ಹಾಗೆಯೇ ಇದೆ.